ಓಣಿಯ ತುಂಬ ಹದಿನಾಲ್ಕನೇ ಮನೆ

ಮುಸರತ ನಮ್ಮ ಬಾಗಿಲಿಗೆ ಮೊದಲ ಸಲ ಬಂದದ್ದು ಡಿಸೆಂಬರಿನ ಒಂದು ಸೋಮವಾರ ಬೆಳಿಗ್ಗೆ ಹತ್ತೂವರೆಗೆ. ಹೊತ್ತು ಅಷ್ಟು ಸರಿಯಾಗಿ ನೆನಪಿರಲು ಕಾರಣವಿದೆ. ಆಗಷ್ಟೇ ನಾನು ಮಗನಿಗೆ ಜ್ವರವಿದೆಯೇ ಎಂದು ಮೂರನೇ ಸಲ ನೋಡಿ ಮುಗಿಸಿದ್ದೆ. ಇರಲಿಲ್ಲ. ಮೊದಲೆರಡು ಸಲವೂ ಇರಲಿಲ್ಲ. ಮೂಗು ಮಾತ್ರ ಸೋರುತ್ತಿತ್ತು. ಹತ್ತು ತಿಂಗಳ ಕೂಸಿನ ನೆಗಡಿ ಎದೆಗಿಳಿಯಲು ಎಷ್ಟು ಹೊತ್ತು ಬೇಕು ಎಂದು ಫೋನಿನಲ್ಲಿ ಓದಿಕೊಂಡಿದ್ದೆ. ಓದಬಾರದಿತ್ತು.

ಬಾಗಿಲಲ್ಲಿ ಇಬ್ಬರು ನಿಂತಿದ್ದರು. ಮುಂದೆ ಹುಲಿಗೆವ್ವ, ಐವತ್ತು ದಾಟಿದ ಅಂಗನವಾಡಿ ಸಹಾಯಕಿ, ಹೆಗಲಿಗೆ ಪೋಲಿಯೋ ಹನಿಯ ನೀಲಿ ಡಬ್ಬಿ. ನಮ್ಮ ಓಣಿಯ ಆಶಾ ಕಾರ್ಯಕರ್ತೆ ಬಾಣಂತಿಯಾಗಿದ್ದರಿಂದ ಇವರನ್ನು ಗೋಕುಲ ರಸ್ತೆಯ ಕಡೆಯಿಂದ ಕಳಿಸಿದ್ದರು. ಹಿಂದೆ ಮುಸರತ, ಸಣ್ಣ ಮೈಕಟ್ಟಿನ ಹುಡುಗಿ, ತಲೆಗೆ ಬಿಗಿಯಾಗಿ ಸುತ್ತಿದ ತಿಳಿಹಸಿರು ಸ್ಕಾರ್ಫು, ಎದೆಯ ಮೇಲೆ ಎನ್ನೆಸ್ಸೆಸ್ಸಿನ ಬಿಲ್ಲೆ, ಒಂದು ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಹಾಳೆ, ಇನ್ನೊಂದರಲ್ಲಿ ಸೀಮೆಸುಣ್ಣ.

“ಅಜ್ಜಿ, ಐದು ವರ್ಷದ ಒಳಗಿನ ಮಕ್ಕಳು ಅದಾರೇನ್ರಿ?” ಎಂದು ಹುಡುಗಿ ನಮ್ಮ ಅತ್ತೆಯನ್ನು ಕೇಳಿದಳು.

“ಅದಾರ. ಒಬ್ಬರು ಅದಾರ,” ಎಂದರು ಅತ್ತೆ.

“ಹೆಸರು ಹೇಳ್ರಿ, ಬರ್ಕೋತೇನಿ.”

“ಅವರ ಹೆಸರು ನಾ ಹೆಂಗ ಹೇಳ್ಲೆವ್ವಾ?”

ನನ್ನ ಮಗನ ಹೆಸರು ಚನ್ನಯ್ಯ. ತೀರಿಕೊಂಡ ಮಾವನವರ ಹೆಸರು. ನಲವತ್ತು ವರ್ಷ ಗಂಡನ ಹೆಸರನ್ನು ಬಾಯಲ್ಲಿ ತರದ ನಮ್ಮ ಅತ್ತೆ ಈರವ್ವ, ಮೊಮ್ಮಗನ ಸಲುವಾಗಿ ಈಗ ತರಲು ತಯಾರಿರಲಿಲ್ಲ. ಕೂಸನ್ನು ಅವರು ‘ಸಣ್ಣ ಯಜಮಾನ್ರು’ ಎನ್ನುತ್ತಾರೆ, ಬಹುವಚನದಲ್ಲಿ. ಯಜಮಾನರು ಆಗ ನೆಲದ ಮೇಲೆ ಅಂಗಾತ ಬಿದ್ದು ತಮ್ಮ ಕಾಲ್ಬೆರಳು ಚೀಪುತ್ತಿದ್ದರು.

ನಾನು ಹೆಸರು ಹೇಳಿದೆ. ಹುಡುಗಿ ನಕ್ಕಳು. “ಮುಂಜಾನಿಂದ ಹದಿನಾಲ್ಕು ಮನಿ ಆತ್ರಿ ಅಕ್ಕಾರ. ಮನಿ ಯಜಮಾನರ ಹೆಸರು ಅಂತ ಒಂದು ಕಾಲಮ್ ಐತ್ರಿ ಇದರಾಗ. ಒಬ್ಬಾಕಿ ‘ನಮ್ಮ ಹುಡುಗನ ಅಪ್ಪಾರು’ ಅಂತಾಳ, ಇನ್ನೊಬ್ಬಾಕಿ ಗ್ವಾಡಿ ಮ್ಯಾಲಿನ ಫೋಟೋ ತೋರಸ್ತಾಳ. ಕಡೀಕ ಆ ಕಾಲಮ್ಮ ಬಿಟ್ಟುಬಿಟ್ಟೆ.”

ಹೆಸರು ಬಿಟ್ಟು ಆಕೆ ಮಾಡಿಕೊಂಡಿದ್ದ ವ್ಯವಸ್ಥೆ ಇದು. ಉಣಕಲ್ಲಿನ ಹಳೇ ಊರಿನ ನಮ್ಮ ಓಣಿಯಲ್ಲಿ ಪಾಲಿಕೆಯ ಮನೆ ನಂಬರಿಗೆ ತಲೆಬುಡವಿಲ್ಲ. ಓಣಿಯೇ ನಡುವೆ ಮೂರು ಕಡೆ ಒಡೆಯುತ್ತದೆ. ಹಾಗಾಗಿ ಮೊದಲ ಮನೆಯಿಂದ ತಾನೇ ಒಂದು, ಎರಡು, ಮೂರು ಎಂದು ಚೌಕಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ಅಂಕಿ ಹಾಕುತ್ತ, ಅದೇ ಅಂಕಿಯನ್ನು ಹಾಳೆಯಲ್ಲಿ ಬರೆಯುತ್ತ ಬಂದಿದ್ದಳು. ನಮ್ಮದು ಹದಿನೈದು.

ಹುಲಿಗೆವ್ವ ಡಬ್ಬಿ ತೆರೆದರು. ನಾನು ಪ್ರಶ್ನೆ ಕೇಳತೊಡಗಿದೆ. ಔಷಧ ಎಷ್ಟು ಹೊತ್ತಿನಿಂದ ಹೊರಗಿದೆ? ಐಸು ಕರಗಿಲ್ಲವೇ? ನೆಗಡಿ ಇದ್ದರೆ ಕೊಡಬಹುದೇ? ಕೊಟ್ಟ ಮೇಲೆ ಎಷ್ಟು ಹೊತ್ತು ಹಾಲು ಕೊಡಬಾರದು? ವಾಂತಿ ಮಾಡಿಕೊಂಡರೆ?

“ಇಷ್ಟು ಪ್ರಶ್ನೆ ನಮ್ಮ ಟ್ರೇನಿಂಗನ್ಯಾಗೂ ಯಾರೂ ಕೇಳಿಲ್ಲವ್ವಾ,” ಎಂದರು ಹುಲಿಗೆವ್ವ.

ಹುಡುಗಿ ಮಾತ್ರ ಸೀಸೆಯನ್ನು ನನ್ನ ಕಣ್ಣ ಹತ್ತಿರ ಹಿಡಿದಳು. ಚೀಟಿಯ ಮೇಲೆ ಒಂದು ಬಣ್ಣದ ದುಂಡು, ಅದರೊಳಗೆ ಬಿಳಿ ಚೌಕ. “ಔಷಧಿಗೆ ಬಿಸಿ ತಾಗಿದ್ರ ಈ ಚೌಕ ಕಪ್ಪಾಕ್ಕೇತ್ರಿ. ನೋಡ್ರಿ, ಬೆಳ್ಳಗ ಐತಿ. ನೆಗಡಿಗೆ ಇದು ಏನೂ ಮಾಡಂಗಿಲ್ಲ. ಆದ್ರೂ ನಿಮಗ ಸಮಾಧಾನ ಆಗ್ಬೇಕಲ್ರಿ.”

“ನಮ್ಮ ಡಾಕ್ಟರನ್ನು ಕೇಳುತ್ತೇನೆ,” ಎಂದೆ.

“ಕೇಳ್ರಿ. ನಾಳೆ ಮಧ್ಯಾಹ್ನ ಮತ್ತ ಬರ್ತೇವಿ.” ಒತ್ತಾಯ ಮಾಡಲಿಲ್ಲ, ಮುಖ ಸಣ್ಣದು ಮಾಡಲಿಲ್ಲ. ಹೊರಗೆ ಹೋಗಿ ಚೌಕಟ್ಟಿನ ಮೇಲೆ ‘೧೫’ ಎಂದು ಬರೆದು ಪಕ್ಕದಲ್ಲಿ ಎರಡು ಗೆರೆ ಎಳೆದಳು, ಒಂದರ ಮೇಲೊಂದು ಅಡ್ಡ, ಮಾಸ್ತರರು ತಪ್ಪು ಲೆಕ್ಕಕ್ಕೆ ಹಾಕುವಂಥದ್ದು. ಹನಿ ಬಿದ್ದ ಮನೆಗೆ ಇಂಗ್ಲಿಷಿನ ‘ಪಿ’, ಜೊತೆಗೆ ಎಷ್ಟು ಮಕ್ಕಳಲ್ಲಿ ಎಷ್ಟಕ್ಕೆ ಹಾಕಿದೆ ಎಂಬ ಅಂಕಿ. ಉಳಿದ ಮನೆಗೆ ಈ ತಪ್ಪು ಗುರುತು.

ಮುಸರತಳ ಬಗ್ಗೆ ನನಗೆ ಮರುದಿನ ತಿಳಿದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಬಿ.ಕಾಂ. ಎರಡನೇ ವರ್ಷ. ಅಪ್ಪ ಮಲ್ಲಿಕಸಾಬ ಗೋಕುಲ ರಸ್ತೆಯಲ್ಲಿ ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುತ್ತಾರೆ. ರಜೆಯಲ್ಲಿ ಆಕೆ ಅಂಗಡಿಯಲ್ಲಿ ಕುಳಿತು ಯಾವ ಮೋಟರು ಯಾರದು ಎಂದು ಚೀಟಿ ಬರೆದು ಕಟ್ಟುತ್ತಾಳೆ. ಕಾಲೇಜಿನ ಸೇವಾ ಘಟಕಕ್ಕೆ ಸೇರಿ ಒಂದೂವರೆ ವರ್ಷವಾಗಿತ್ತು. ಅಷ್ಟು ದಿನ ಮಾಡಿದ ಸೇವೆಯೆಂದರೆ ಜಾಥಾದಲ್ಲಿ ಬ್ಯಾನರು ಹಿಡಿದದ್ದು. ನೀರುಳಿಸುವ ಬ್ಯಾನರು, ಗಿಡ ನೆಡುವ ಬ್ಯಾನರು, ಹೆಲ್ಮೆಟ್ಟಿನ ಬ್ಯಾನರು. ಗಿಡ್ಡ ಹುಡುಗಿಯಾದ್ದರಿಂದ ಫೋಟೋದಲ್ಲಿ ಬ್ಯಾನರಿನ ಮೇಲೆ ಆಕೆಯ ಹಣೆ ಮಾತ್ರ ಕಾಣುತ್ತಿತ್ತಂತೆ. ಈ ಸಲ ಆಕೆಯೇ ಹೋಗಿ ಆರೋಗ್ಯ ಕೇಂದ್ರದ ಮೇಲ್ವಿಚಾರಕ ಕುಮಾರಸ್ವಾಮಿಯವರನ್ನು ಕೇಳಿದ್ದಳು: ಕಾಲೇಜಿನವರಿಗೂ ಮನೆಮನೆಯ ಕೆಲಸ ಕೊಡಿ.

ಅವರು ಯೋಚಿಸಿ, ನಾಲ್ಕು ವಿದ್ಯಾರ್ಥಿಗಳಿಗೆ ನಾಲ್ಕು ಓಣಿ ಕೊಟ್ಟರು. “ಮಂಗಳವಾರ ನಾಲ್ಕಕ್ಕ ನಿನ್ನ ಓಣಿಗೆ ನಾನ ಬರ್ತೇನಿ. ಬಾಗಲಾ ಒಂದು ಹೇಳಿ, ಕೂಸಿನ ಬಟ್ಟು ಇನ್ನೊಂದು ಹೇಳ್ತಂದ್ರ ಎಲ್ಲಾರನೂ ತಿರುಗಿ ಬ್ಯಾನರಿಗೆ ಕಳಸ್ತೇನಿ. ಮುಂದಿನ ಸಲ ಕೇಳಾಕ ಬರಬ್ಯಾಡ್ರಿ,” ಎಂದಿದ್ದರಂತೆ. ಬಟ್ಟೆಂದರೆ ಬೆರಳು. ಹನಿ ಹಾಕಿದ ಕೂಸಿನ ಎಡಗೈ ಕಿರುಬೆರಳಿಗೆ ಕಪ್ಪು ಶಾಯಿ ಹಚ್ಚುತ್ತಾರೆ.

ಇನ್ನು ಹುಲಿಗೆವ್ವನಿಗೆ ವಿದ್ಯಾರ್ಥಿಗಳೆಂದರೆ ಮೊದಲೇ ಆಗದು. “ಫೋಟೋ ತಗೊಂಡ ಮ್ಯಾಲ ಇವಕ್ಕ ತಲಿನೋವು ಬರ್ತದ,” ಎಂದು ನಮ್ಮ ಕಟ್ಟೆಯ ಮೇಲೆ ಕುಳಿತು, ಆಕೆಗೆ ಕೇಳುವಂತೆಯೇ ಹೇಳಿದ್ದರು.

ಸಂಜೆ ನಮ್ಮ ಡಾಕ್ಟರಿಗೆ ನಾಲ್ಕನೇ ಸಲ ಫೋನು ಹತ್ತಿತು. “ಹಾಕ್ಸವ್ವಾ, ಏನೂ ಆಗಂಗಿಲ್ಲ,” ಎಂದು ಇಟ್ಟುಬಿಟ್ಟರು. ಇಷ್ಟು ಬೇಗ ಹೇಳಿದರೆಂದರೆ ಸರಿಯಾಗಿ ಕೇಳಿಸಿಕೊಂಡರೋ ಇಲ್ಲವೋ ಎಂಬುದೇ ನನಗೆ ಹೊಸ ಚಿಂತೆಯಾಯಿತು.

ಅತ್ತೆಯ ಚಿಂತೆ ಬೇರೆಯಿತ್ತು. ದೀಪ ಹಚ್ಚಲು ಹೊರಗೆ ಬಂದವರು ಚೌಕಟ್ಟು ನೋಡಿ ನಿಂತರು.

“ಐಶ್ವರ್ಯಾ, ಇದೇನ ಇದು? ನಿನ್ನ ಗಂಡಗ ಸಾಲ್ಯಾಗ ಹಾಕ್ತಿದ್ರಲ್ಲ, ಅದನ್ನ ತಂದು ನಮ್ಮ ಬಾಗಲಕ್ಕ ಹಾಕ್ಯಾರ?”

ಹನಿ ಹಾಕಿಲ್ಲ ಎಂಬುದರ ಗುರುತು ಅದು, ಅಷ್ಟೇ ಎಂದು ಬಿಡಿಸಿ ಹೇಳಿದೆ. ಅತ್ತೆ ಎಲ್ಲ ಕೇಳಿಸಿಕೊಂಡರು. “ಮಗ್ಗಲಮನಿ ಬೇಗಂಗ ಛಲೋದು ಬರದಾರ,” ಎಂದಷ್ಟೇ ಹೇಳಿ ಒಳಗೆ ಹೋದರು.

ಮರುದಿನ ಮಂಗಳವಾರ. ಮಂಗಳವಾರ ಮತ್ತು ಶುಕ್ರವಾರ ನಮ್ಮ ಓಣಿಯಲ್ಲಿ ಬೆಳಕು ಹರಿಯುವ ಮೊದಲೇ ಹೊಸ್ತಿಲು ತೊಳೆಯುತ್ತಾರೆ. ಹೊಸ್ತಿಲಷ್ಟೇ ಅಲ್ಲ, ಚೌಕಟ್ಟಿಗೂ ಒದ್ದೆ ಅರಿವೆ ಆಡಿಸಿ ಅರಿಶಿನ ಹಚ್ಚುತ್ತಾರೆ. ರಾತ್ರಿ ಕೂಸಿನ ಮೂಗು ಕಟ್ಟಿದ್ದರಿಂದ ನಾನು ಎದ್ದದ್ದು ತಡವಾಗಿತ್ತು. ಒಂಬತ್ತಕ್ಕೆ ಹೊರಗೆ ಬಂದು ನೋಡಿದರೆ ನಮ್ಮ ಚೌಕಟ್ಟಿನ ಮೇಲೆ ತಪ್ಪು ಗುರುತಿಲ್ಲ. ಅದರ ಜಾಗದಲ್ಲಿ ಬೆಳ್ಳನೆಯ, ಉದ್ದನೆಯ ಒಂದು ‘ಪಿ’. ಕೆಳಗೆ ‘೧೪’. ಅದರ ಕೆಳಗೆ ‘೨ರಲ್ಲಿ ೨’.

ನಿಜ ಹೇಳಬೇಕೆಂದರೆ, ಹನಿ ಹಾಕಿಸಿದಷ್ಟೇ ಹಾಯೆನಿಸಿತು. ಯಾರು ಬರೆದರು, ಯಾಕೆ ಬರೆದರು ಎಂದು ಕೇಳದೆ ಒಳಗೆ ಹೋದೆ.

ಮುಸರತ ಮತ್ತು ಹುಲಿಗೆವ್ವ ಒಂದು ಗಂಟೆಗೆ ಬಂದರು. ನಾನು ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಮುಸರತ ನಮ್ಮ ಚೌಕಟ್ಟು ನೋಡಿದಳು, ಹಾಳೆ ನೋಡಿದಳು. ಎದುರಿನ ಮನೆಗೆ ಹೋಗಿ ನೋಡಿದಳು. ಹದಿನಾಲ್ಕು. ಅದರ ಪಕ್ಕದ್ದು ಹದಿನಾಲ್ಕು. ಓಡಿ ಓಣಿಯ ತಿರುವಿಗೆ ಹೋಗಿ, ಅಲ್ಲಿಂದಲೇ ಕೂಗಿದಳು: “ಹುಲಿಗೆವ್ವಕ್ಕಾ, ಇಲ್ಲೂ ಹದಿನಾಲ್ಕ ಐತ್ರಿ!”

ಮೂವತ್ತನಾಲ್ಕು ಬಾಗಿಲಿಗೂ ಹದಿನಾಲ್ಕು. ಎಲ್ಲಕ್ಕೂ ಪಿ. ಎಲ್ಲ ಮನೆಯಲ್ಲೂ ಎರಡರಲ್ಲಿ ಎರಡು ಮಕ್ಕಳು. ಅರಿಶಿನದ ಮೇಲೆ ರಂಗೋಲಿಯ ಹರಳಿನಲ್ಲಿ ತಿದ್ದಿ ಬರೆದದ್ದು, ನೋಡಲು ಬಹಳ ಚೆಂದವಾಗಿತ್ತು.

“ಯಾರ್ರಿ ಇದನ್ನ ಬರದಾರು?” ಮುಸರತ ವಾಪಸು ಬಂದು ಕೇಳಿದಳು. ಏದುಸಿರು ಬಿಡುತ್ತಿದ್ದಳು.

“ಅವರವರ ಬಾಗಲಾ ಅವರವರು ಬರಕೊಂಡಾರ,” ಎಂದರು ಅತ್ತೆ ಹೆಮ್ಮೆಯಿಂದ. “ತೊಳ್ಯಾಗ ಅಳಿಸಿ ಹೋತು. ಮತ್ತ ಸರಕಾರದ ಗುರುತು, ಬಿಡಾಕ ಬರ್ತೈತೇನು? ಬೇಗಂ ಇನ್ನೂ ತೊಳದಿದ್ದಿಲ್ಲ, ಆಕಿದೊಂದ ಸರಿ ಉಳದಿತ್ತು. ಅದನ್ನ ನೋಡಿ ನಾ ಚುಕ್ಕಿ ಇಟ್ಟು ತೋರಿಸಿದೆ.”

ಪಕ್ಕದ ಮನೆಯ ಶಹಜಹಾನಬೇಗಂ ಬಾಗಿಲಿಗೆ ಬಂದು ನಿಂತಿದ್ದರು. ಇಬ್ಬರು ಮೊಮ್ಮಕ್ಕಳ ಅಜ್ಜಿ, ನಿಜವಾದ ಹದಿನಾಲ್ಕನೇ ಮನೆ ಅವರದೇ. “ಈರವ್ವಕ್ಕ ಬಂದು ಕೇಳಿದ್ರು, ನೋಡ್ಕೋರಿ ಅಂದೆ. ಹೆಪ್ಪಿಗೆ ಮಜ್ಜಿಗಿ ಕೇಳಿದ್ರ ಕೊಡಂಗಿಲ್ಲೇನ್ ನಾವು?”

“ಆದ್ರ ತಪ್ಪು ಇದ್ದ ಮನೀಗೂ ಪಿ ಹಾಕೀರಲ್ರಿ ಅಜ್ಜಿ!”

“ಮತ್ತ ತಪ್ಪು ಅಂತ ಯಾರರ ತಾವ ಬರಕೋತಾರ?”

ಮುಸರತ ಹಾಳೆ ಹಿಡಿದು ಕಟ್ಟೆಯ ಮೇಲೆ ಕುಳಿತಳು. ಹಾಳೆಯಲ್ಲಿ ಉಳಿದವರ ಸಾಲಿನಲ್ಲಿ ಆರು ಅಂಕಿಗಳಿದ್ದವು, ಹೆಸರಿರಲಿಲ್ಲ. ಆ ಅಂಕಿಗಳು ಈಗ ಲೋಕದಲ್ಲೆಲ್ಲೂ ಇರಲಿಲ್ಲ. ಓಣಿಯಲ್ಲಿ ಇಪ್ಪತ್ತೊಂಬತ್ತು ಮಕ್ಕಳು, ಇಪ್ಪತ್ಮೂರಕ್ಕೆ ಹಾಕಿದೆ, ಆರು ಬಾಕಿ. ಯಾವ ಆರು? ನಾಲ್ಕಕ್ಕೆ ಕುಮಾರಸ್ವಾಮಿಯವರು ಬಂದರೆ ಪ್ರತಿ ಬಾಗಿಲೂ ಅವರಿಗೆ ಸುಳ್ಳು ಹೇಳುವುದಿತ್ತು.

“ನಾ ಹೇಳಿದ್ನಿಲ್ಲ,” ಎಂದರು ಹುಲಿಗೆವ್ವ. “ಹೆಸರಿನ ಕಾಲಮ್ಮ ಯಾಕ ಇಟ್ಟಿರ್ತಾರ?”

“ನೀವೂ ಮುಂದನ ಇದ್ರಲ್ರಿ ಅಕ್ಕಾ. ಯಾವ ಮನ್ಯಾಗ ಆಗಿಲ್ಲ ಅಂತ ನೆನಪೈತೇನ್ರಿ?”

“ದಿನಾ ನೂರು ಬಾಯಿ ನೋಡ್ತೇನವ್ವಾ ನಾ. ಮಾರಿ ನೋಡಂಗಿಲ್ಲ.”

ನನಗೆ ಸುಮ್ಮನಿರಲಾಗಲಿಲ್ಲ. ಓಣಿಯ ಕೂಸುಗಳೆಲ್ಲ ನನಗೆ ಗೊತ್ತು. ಯಾವುದಕ್ಕೆ ಎಷ್ಟು ತಿಂಗಳು, ಯಾವುದಕ್ಕೆ ಎಷ್ಟು ಹಲ್ಲು, ಯಾವುದು ಕುಳಿತಿದೆ, ಯಾವುದು ಗೋಡೆ ಹಿಡಿದು ನಿಂತಿದೆ, ಎಲ್ಲ ಗೊತ್ತು. ನನ್ನ ಮಗ ಯಾರಿಗಿಂತ ಹಿಂದಿದ್ದಾನೆ ಎಂದು ಲೆಕ್ಕ ಹಾಕಿ ಹಾಕಿ ಬಾಯಿಪಾಠವಾಗಿತ್ತು. “ನಾನು ಬರುತ್ತೇನೆ. ಮನೆಯ ನಂಬರು ಬೇಡ, ಮಕ್ಕಳನ್ನೇ ಹಿಡಿದು ನೋಡೋಣ,” ಎಂದು ಚನ್ನಯ್ಯನಿಗೆ ಉಣ್ಣೆಯ ಟೊಪ್ಪಿಗೆ, ಕೈಗವಸು ಹಾಕಿ ಹೊರಟೆ.

ಮುಸರತ ಹಾಳೆ ತಿರುವಿ, ಹಿಂದಿನ ಖಾಲಿ ಪುಟದಲ್ಲಿ ನಾನು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡಳು. ‘ಎರಡು ಹಲ್ಲಿನ ಹುಡುಗಿ, ಹಸಿರು ಬಾಗಿಲು.’ ‘ಅವಳಿ, ಬಾವಿ ಮುಂದೆ.’ ‘ಅನ್ನ ಒಲ್ಲೆನ್ನುವವನು.’ ಅಪ್ಪನ ಅಂಗಡಿಯಲ್ಲಿ ಚೀಟಿ ಬರೆಯುವ ಕೈ, ಎರಡೇ ಮಾತಿನಲ್ಲಿ ಗುರುತು ಹಿಡಿಯುತ್ತಿತ್ತು. ಪ್ರತಿ ಮನೆಯಲ್ಲೂ ಕೂಸಿನ ಕಿರುಬೆರಳು ಹಿಡಿದು ನೋಡುವುದು, ಕಪ್ಪಿದ್ದರೆ ಮುಂದಿನ ಮನೆ.

ನಿನ್ನೆ ಬೀಗ ಹಾಕಿದ್ದ, ಬಾಗಿಲನ್ನು ಪಕ್ಕದವರೇ ತೊಳೆದು ಬರೆದಿದ್ದ ಒಂದು ಮನೆಯವರು ಆಗ ತಾನೇ ಧಾರವಾಡದಿಂದ ಬಂದು ಚೀಲ ಇಳಿಸುತ್ತಿದ್ದರು. ಚೀಲದ ಜೊತೆಗೇ ಕೂಸಿನ ಬಾಯಿ ತೆರೆಸಿದೆವು. ಒಂದಾಯಿತು. ಇನ್ನೊಬ್ಬ ತಾಯಿ, “ಹ್ವಾದ ಸಲಾನ ಹಾಕ್ಸೇವಲ್ರಿ, ಮತ್ತ ಮತ್ತ ಯಾಕ?” ಎಂದು ವಾದಕ್ಕೆ ನಿಂತಳು.

“ಹ್ವಾದ ವರ್ಷ ಮಳಿ ಬಂದೈತಂತ ಈ ವರ್ಷ ಬ್ಯಾಡ ಅಂತೀರೇನ್ರಿ?” ಎಂದಳು ಮುಸರತ. ಆ ತಾಯಿಗೆ ನಗು ಬಂತು, ಎರಡಾಯಿತು.

ಅಹಮದಸಾಬರ ಮೊಮ್ಮಗ ಫೈಜಾನನಿಗೆ ನಾಲ್ಕು ವರ್ಷ. ನಿನ್ನೆ ನೀಲಿ ಡಬ್ಬಿ ಕಂಡದ್ದೇ ಓಡಿಹೋಗಿದ್ದನಂತೆ, ಇಂದೂ ಕಾಣಲಿಲ್ಲ. ಅಹಮದಸಾಬರು ಹಾಸಿಗೆಯ ಕೆಳಗೆ, ಬಾಗಿಲ ಹಿಂದೆ ನೋಡಿ ಸೋತರು. ನೀರು ಬಿಡುವ ಸರದಿ ಇನ್ನೂ ಎರಡು ದಿನ ಇದ್ದದ್ದರಿಂದ ಅಂಗಳದ ದೊಡ್ಡ ಡ್ರಮ್ಮು ಖಾಲಿಯಿತ್ತು. ಮುಸರತ ಅದನ್ನು ಬೆರಳಿನಿಂದ ಟಕಟಕ ಬಾರಿಸಿದಳು.

“ಫೈಜಾನ ಅದಾನೇನ್ರಿ ಒಳಗ?”

“ಇಲ್ಲ,” ಎಂದಿತು ಡ್ರಮ್ಮು.

“ಎಲ್ಲಿ ಹೋಗ್ಯಾನ?”

“ಬಜಾರಕ್ಕ.”

“ಹಂಗಾರ ಅವಂದು ಹನಿ ನಿಮಗ ಹಾಕ್ತೇವಿ. ಬಾಯಿ ತಗೀರಿ.”

ಡ್ರಮ್ಮಿನಿಂದ ತಲೆಯೊಂದು ಎದ್ದು ನಿಯತ್ತಾಗಿ ಬಾಯಿ ತೆರೆಯಿತು. ಹುಲಿಗೆವ್ವ ಅಷ್ಟರಲ್ಲೇ ಎರಡು ಹನಿ ಬಿಟ್ಟಾಗಿತ್ತು. ನಿನ್ನೆಯಿಂದ ಅವರು ನಕ್ಕದ್ದನ್ನು ನಾನು ಕಂಡದ್ದು ಆಗಲೇ.

ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಮಗಳನ್ನು ಕೆರೆಯ ಕಡೆಯ ಅಕ್ಕನ ಮನೆಯಲ್ಲಿ ಬಿಡುವ ತಾಯಿಯ ಫೋನ್ ನಂಬರು ನನ್ನಲ್ಲಿತ್ತು; ಕೇಳಿದೆ, ಒಪ್ಪಿದಳು. ಮುಸರತ ಆ ಮನೆಗೆ ಓಡಿಹೋಗಿ ಹುಡುಗಿಯನ್ನು ಎತ್ತಿಕೊಂಡೇ ಬಂದಳು. ಕೊನೆಗೆ ನಿದ್ದೆಯ ಹುಡುಗಿ. ಮಲಗಿದ ಕೂಸನ್ನು ಎಬ್ಬಿಸಲು ಆಕೆಯ ಅಜ್ಜಿ ನಿನ್ನೆಯೂ ಒಪ್ಪಿರಲಿಲ್ಲ.

“ಅವಳು ಮೂರೂ ಇಪ್ಪತ್ತಕ್ಕೆ ಏಳುತ್ತಾಳೆ,” ಎಂದೆ.

“ನಿಮಗ ಹೆಂಗ ಗೊತ್ರಿ?” ಎಂದಳು ಮುಸರತ.

“ನಮ್ಮವನು ಅದೇ ಹೊತ್ತಿಗೆ ಏಳುವುದಿಲ್ಲವಲ್ಲ, ಅದಕ್ಕೆ ಗೊತ್ತು.”

ಮೂರೂ ಇಪ್ಪತ್ತೈದಕ್ಕೆ ಒಳಗೆ ಅಳು ಕೇಳಿತು. ಐದಾಯಿತು.

ಆರನೆಯದು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಮುಸರತಳಿಗೂ ಗೊತ್ತಿತ್ತು; ಹಿಂದಿನ ದಿನ ಅಷ್ಟು ಪ್ರಶ್ನೆ ಕೇಳಿದ ಮನೆಯನ್ನು ಯಾರು ಮರೆಯುತ್ತಾರೆ? ಆದರೂ ಆಕೆ ಎರಡೂವರೆ ಗಂಟೆ ನನ್ನ ಜೊತೆ ನಡೆದು ಒಂದು ಮಾತು ಎತ್ತಿರಲಿಲ್ಲ. ಮನೆಯ ಮುಂದೆ ಬಂದು ನಿಂತೆವು. ನಾಲ್ಕಕ್ಕೆ ಹತ್ತು ನಿಮಿಷವಿತ್ತು.

“ಇನ್ನೊಂದು ಯಾವ್ದವ್ವಾ?” ಎಂದು ಹುಲಿಗೆವ್ವ ಕೇಳಿದರು. ನನ್ನ ಕಡೆ ನೋಡಿ, ಕೈ ಬಾಯಿಗೆ ಒಯ್ದರು. “ಅಯ್ಯ ನನ್ನವ್ವಾ! ಕೂಸಿನ ಕಂಕುಳಾಗ ಇಟ್ಕೊಂಡು ಓಣೆಲ್ಲಾ ಹುಡುಕಿದ್ರಂತ!”

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಚನ್ನಯ್ಯ ಅದೇ ಹೊತ್ತಿಗೆ ಸೀನಿದ.

“ಅಕ್ಕಾರ,” ಎಂದಳು ಮುಸರತ ಮೆಲ್ಲಗೆ, “ಬ್ಯಾಡಂದ್ರ ಬ್ಯಾಡ ಅಂದ್ರು ಅಂತ ಬರೀತೇನ್ರಿ. ಇದ್ದದ್ದು ಬರದ್ರ ನನಗ ಏನೂ ತೊಂದ್ರಿ ಇಲ್ಲ. ಬಾಗಲಕ್ಕ ಮಾತ್ರ ಆ ಗುರುತು ಮತ್ತ ಹಾಕಬೇಕಾಕ್ಕೇತಿ.”

“ಮತ್ತ ತಪ್ಪಾ?” ಎಂದರು ಒಳಗಿನಿಂದ ಅತ್ತೆ.

“ನಿಮ್ಮ ಡಾಕ್ಟರು ಏನಂದ್ರು?”

“ಹಾಕ್ಸವ್ವಾ ಅಂದರು,” ಎಂದೆ. “ಆದರೆ ಬಹಳ ಬೇಗ ಅಂದರು.”

ಮುಸರತ ನಗಲಿಲ್ಲ. ಅದನ್ನು ನಾನು ಇವತ್ತಿಗೂ ಅವಳ ಲೆಕ್ಕದಲ್ಲಿ ದೊಡ್ಡದಾಗಿ ಬರೆದುಕೊಂಡಿದ್ದೇನೆ. “ಇವತ್ತು ಐದು ಮಕ್ಕಳಿಗೆ ಹಾಕಿದ್ದು ನೀವ ನೋಡೀರಿ. ಧಾರವಾಡದ ಕೂಸಿಗೂ ನೆಗಡಿ ಇತ್ತು. ನೀವ ಅದರ ಮೂಗು ಒರಸಿದ್ರಿ,” ಎಂದಳು.

ಹೌದು, ಒರೆಸಿದ್ದೆ. ಆ ತಾಯಿಗೆ “ಏನೂ ಆಗುವುದಿಲ್ಲ” ಎಂದು ನಾನೇ ಹೇಳಿದ್ದೆ ಕೂಡ. ಕಟ್ಟೆಯ ಮೇಲೆ ಕುಳಿತೆ. ಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡು, “ಚೌಕ ಇನ್ನೊಮ್ಮೆ ತೋರಿಸು,” ಎಂದೆ. ತೋರಿಸಿದಳು. ಬೆಳ್ಳಗಿತ್ತು. ನಾನು ಕಣ್ಣು ಮುಚ್ಚಿದೆ. ತೆರೆಯುವಷ್ಟರಲ್ಲಿ ಚನ್ನಯ್ಯ ತುಟಿ ಚಪ್ಪರಿಸುತ್ತ, ಇನ್ನಷ್ಟು ಬೇಕೆಂದು ಹುಲಿಗೆವ್ವನ ಬಳೆಗೆ ಕೈ ಹಾಕಿದ್ದ. ಮುಸರತ ಕೈಗವಸು ಬಿಚ್ಚಿ ಕಿರುಬೆರಳಿಗೆ ಶಾಯಿ ಹಚ್ಚಿದಳು. ಶಾಯಿ ಬಾಯಿಗೆ ಹೋದರೆ ಎಂದು ನಾನು ಕೇಳುವ ಮೊದಲೇ ಆ ಬೆರಳನ್ನು ಹಿಡಿದು, ಒಣಗುವವರೆಗೆ ಊದುತ್ತ ಕುಳಿತಳು.

ಊದುತ್ತಿರುವಾಗಲೇ ಸ್ಕೂಟರು ಬಂದು ನಿಂತಿತು. ಕುಮಾರಸ್ವಾಮಿಯವರು ಹೆಲ್ಮೆಟ್ಟು ತೆಗೆದು ಬಗಲಲ್ಲಿಟ್ಟುಕೊಂಡು ಮೊದಲ ಬಾಗಿಲು ನೋಡಿದರು, ಎರಡನೆಯದು ನೋಡಿದರು. ಮಕ್ಕಳಿಗೆಲ್ಲ ಹನಿಯಾಗಿತ್ತು, ಬಾಗಿಲು ತಿದ್ದಲು ಮಾತ್ರ ಹೊತ್ತು ಸಿಕ್ಕಿರಲಿಲ್ಲ.

“ಮಳಿ ಬಂತು ಅಂತ ಹೇಳು,” ಎಂದು ಹುಲಿಗೆವ್ವ ಪಿಸುಗುಟ್ಟಿದರು.

“ಡಿಸೆಂಬರನ್ಯಾಗೇನ್ರಿ?” ಎಂದು ಮುಸರತ ಎದ್ದು ಎದುರಿಗೆ ಹೋದಳು. “ಸರ್ರ, ಬಾಗಲಾ ನೋಡಬ್ಯಾಡ್ರಿ. ಎಲ್ಲಾ ಸುಳ್ಳದಾವ. ತಪ್ಪು ನಂದು. ಹೆಸರು ಬರಕೋಲಾರದ ಬರೇ ಸೀಮೆಸುಣ್ಣದ ನಂಬರ ನಂಬಿದೆ. ಮುಂಜಾನೆ ಹೊಸ್ತಿಲಾ ತೊಳದಾರ, ಎಲ್ಲಾರೂ ಒಂದ ನಂಬರ ಬರಕೊಂಡಾರ. ಬಟ್ಟು ನೋಡ್ರಿ. ಇಪ್ಪತ್ತೊಂಬತ್ತಕ್ಕ ಇಪ್ಪತ್ತೊಂಬತ್ತು ಆಗೇತಿ.”

ಅವರು ಕೈ ಚಾಚಿದರು. ಆಕೆ ಹಾಳೆ ಕೊಟ್ಟಳು. ಹಿಂದಿನ ಪುಟ ಓದಿದರು.

“‘ಡ್ರಮ್ಮಿನ ಹುಡುಗ.’ ಏನವಾ ಇದು?”

“ಅಹಮದಸಾಬರ ಮೊಮ್ಮಗ ಫೈಜಾನ ರಿ. ಎಡಕ್ಕ ಮೂರನೇ ಬಾಗಲಾ.”

ಹೋಗಿ ನೋಡಿದರು. ಫೈಜಾನ ಎರಡೂ ಕೈಯ ಹತ್ತೂ ಬೆರಳು ತೋರಿಸಿದ. ಹಸಿರು ಬಾಗಿಲಿನ ಎರಡು ಹಲ್ಲು ನೋಡಿದರು, ಬಾವಿ ಮುಂದಿನ ಅವಳಿ ನೋಡಿದರು. ಎಲ್ಲಿ ಬೆರಳಿಟ್ಟರೂ ಮುಸರತಳ ಹತ್ತಿರ ಮನೆಯಿತ್ತು, ಮನೆಯಲ್ಲಿ ಕಪ್ಪು ಬೆರಳಿತ್ತು. ಹಿಂದೆ ಹಿಂದೆ ಅರ್ಧ ಓಣಿ ನಡೆಯುತ್ತಿತ್ತು. ನಮ್ಮ ಬಾಗಿಲಿಗೂ ಬಂದರು. ಅವರು ಕೇಳುವ ಮೊದಲೇ ನಾನು ಮಗನ ಕೈ ಎತ್ತಿ ಹಿಡಿದೆ.

ತಿರುವಿನಲ್ಲಿ ಉಡಚಪ್ಪಜ್ಜನ ಮನೆ. ಎಪ್ಪತ್ತೈದು ವರ್ಷದ ಒಂಟಿ ಮುದುಕರು. ಅವರ ಬಾಗಿಲಲ್ಲೂ ಎರಡರಲ್ಲಿ ಎರಡು.

“ಯಜ್ಜಾ, ಇಲ್ಲಿ ಎರಡು ಮಕ್ಕಳು ಅಂತ ಐತಲ್ಲ?” ಎಂದು ಕುಮಾರಸ್ವಾಮಿ ಕೇಳಿದರು.

“ನಾನೂ ಅದನ್ನ ಕೇಳ್ಬೇಕಂತಿದ್ದೆರಿ ಸಾಹೇಬ್ರ,” ಎಂದು ಅಜ್ಜ ಎಡಗೈ ಮುಂದೆ ಮಾಡಿದರು. “ಬಾಗಲದಾಗ ಬರದು ಹೋದ್ರು, ಹನಿ ಮಾತ್ರ ಯಾರೂ ಹಾಕ್ಲಿಲ್ಲ. ಒಂದು ನನಗ ಹಾಕ್ರಿ. ಇನ್ನೊಂದು ಯಾವುದಂತ ಗೊತ್ತಾದ್ರ ನನಗೂ ಹೇಳ್ರಿ, ಮುಂಜಾನಿಂದ ಹುಡುಕಾಕತ್ತೇನಿ.”

ಕುಮಾರಸ್ವಾಮಿಯವರು ಹೆಲ್ಮೆಟ್ಟನ್ನು ಮುಖಕ್ಕೆ ಅಡ್ಡ ಹಿಡಿದು ನಕ್ಕರು. ನಗು ಮುಗಿದ ಮೇಲೆ ಹಾಳೆಗೆ ಸಹಿ ಹಾಕಿದರು. ಆದರೆ ಮುಸರತಳತ್ತ ತಿರುಗಿದಾಗ ಮುಖ ಗಟ್ಟಿಯಾಗಿತ್ತು.

“ಆರು ಗಂಟೆ ಒಳಗ ಮೂವತ್ನಾಲ್ಕೂ ಬಾಗಲಾ ತಿದ್ದಿರಬೇಕು. ಹೆಸರಿನ ಕಾಲಮ್ಮ ತುಂಬಿರಬೇಕು.”

“ಆತ್ರಿ ಸರ್ರ.” ಹಾಳೆ ವಾಪಸು ತೆಗೆದುಕೊಂಡು ಕೇಳಿದಳು, “ನಾಳಿಗೆ ನಾವು ಬ್ಯಾನರಿಗೇನ್ರಿ?”

“ಹುಲಿಗೆವ್ವ, ನೀವೇನಂತೀರಿ?”

ಹುಲಿಗೆವ್ವ ಡಬ್ಬಿಯನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿದರು. “ಈಕಿನ್ನ ಕಳಸ್ರಿ, ನನಗೇನು. ಆದ್ರ ಬ್ಯಾರೆ ಯಾರನರ ಕೊಟ್ರ ನಾ ಒಲ್ಲೆ. ಡ್ರಮ್ಮಿನ್ಯಾಗಿಂದ ಹುಡುಗನ್ನ ತಗ್ಯೋರು ನಮ್ಮ ಕಡೆ ಯಾರದಾರು?”

“ಹಂಗಾರ ನಾಳೆ ಮಗ್ಗಲ ಓಣಿ ಇಬ್ಬರೂ ತಗೋರಿ,” ಎಂದರು ಕುಮಾರಸ್ವಾಮಿ. “ಅಲ್ಲಿ ಒಂಬತ್ತು ತಪ್ಪು ಗುರುತು ಹಂಗ ನಿಂತಾವ. ಉಳಿದ ಮೂವರು ಹುಡುಗರೂ ಇರ್ಲಿ. ಮುಂದಿನ ಸಲ ಹತ್ತು ಮಂದಿ ತಯಾರ ಮಾಡು, ಹೆಸರು ಹೆಂಗ ಕೇಳೋದು ನೀನ ಕಲಸು. ಮತ್ತ ಈ ಅಜ್ಜಿನ್ನ ಮಾತ್ರ ಆ ಓಣಿಗೆ ಬಿಡಬ್ಯಾಡ್ರಿ.”

“ನಾ ಯಾಕ ಹೋಗ್ಲಿ?” ಎಂದರು ನಮ್ಮ ಅತ್ತೆ. “ಅವರ ಬಾಗಲಾ ಅವರು ನೋಡ್ಕೊಳ್ಳಿ.”

ಮುಸರತ ಕುಣಿಯಲಿಲ್ಲ, ಕೂಗಲಿಲ್ಲ. ಸ್ಕೂಟರು ತಿರುವಿನಲ್ಲಿ ಮರೆಯಾಗುವವರೆಗೆ ನೆಟ್ಟಗೆ ನಿಂತಿದ್ದಳು. ಆಮೇಲೆ ಮನೆಗೆ ಫೋನು ಹಚ್ಚಿ, “ಅಬ್ಬಾ, ನಾಳೆನೂ ಐತಿ,” ಎಂದು ಮೂರೇ ಮಾತು ಹೇಳಿ ಇಟ್ಟಳು. ಅವಳ ಕಿವಿಯ ಹತ್ತಿರ, ಸ್ಕಾರ್ಫಿನ ಅಂಚಿಗೆ, ಸೀಮೆಸುಣ್ಣ ಮೆತ್ತಿತ್ತು.

ಬಾಗಿಲು ತಿದ್ದಲು ಹೆಂಗಸರೆಲ್ಲ ಒದ್ದೆ ಅರಿವೆ ಹಿಡಿದು ಬಂದರು. ಗಂಡಂದಿರ ಹೆಸರನ್ನು ಪಕ್ಕದ ಮನೆಯವಳು ಹೇಳುವುದು, ಪಕ್ಕದವಳದ್ದನ್ನು ಇವಳು ಹೇಳುವುದು ಎಂದು ಶಹಜಹಾನಬೇಗಂ ಉಪಾಯ ಮಾಡಿದರು. ಇಪ್ಪತ್ತು ನಿಮಿಷದಲ್ಲಿ ಕಾಲಮ್ಮು ತುಂಬಿತು. ನಮ್ಮ ಮನೆ ಇನ್ನೂ ಮಾವನವರ ಹೆಸರಿನಲ್ಲೇ ಇತ್ತು. ಆ ಹೆಸರನ್ನು ಬೇಗಂ ಗಟ್ಟಿಯಾಗಿ ಹೇಳಿದಾಗ ಅತ್ತೆ ಸೆರಗು ಸರಿಮಾಡಿಕೊಂಡು ಆ ಕಡೆ ತಿರುಗಿದರು.

ಹೊರಡುವಾಗ ಮುಸರತ ನನ್ನ ಹತ್ತಿರ ಬಂದಳು. “ಅಕ್ಕಾರ, ಮಗ್ಗಲ ಓಣಿ ಕೂಸುಗಳೂ ನಿಮಗ ಗೊತ್ತೇನ್ರಿ?”

“ಇಲ್ಲ,” ಎಂದೆ. ಆ ಓಣಿಯಲ್ಲಿ ಚರಂಡಿ ತೆರೆದಿದೆ, ಅಲ್ಲಿ ಸೊಳ್ಳೆ ಎಂದು ಕೂಸನ್ನು ಕರೆದುಕೊಂಡು ನಾನು ಒಮ್ಮೆಯೂ ಹೋಗಿರಲಿಲ್ಲ.

“ಇರ್ಲಿ ಬಿಡ್ರಿ,” ಎಂದು ಆಕೆ ಬಸ್ಸಿಗೆ ಓಡಿದಳು.

ಇನ್ನೂ ಬಿಸಿಲಿತ್ತು. ಚನ್ನಯ್ಯನಿಗೆ ಕಾಲುಚೀಲ ಹಾಕಿದೆ, ಮೈತುಂಬ ಸೊಳ್ಳೆಯ ಮುಲಾಮು ಸವರಿದೆ, ಕೈಗವಸು ಮಾತ್ರ ಬಿಟ್ಟೆ. ಅವನನ್ನು ಎತ್ತಿಕೊಂಡು ಪಕ್ಕದ ಓಣಿಗೆ ಹೋಗಿ, ಮೊದಲ ಕಟ್ಟೆಯಲ್ಲಿ ಕೂಸಿಗೆ ಎಣ್ಣೆ ಹಚ್ಚುತ್ತಿದ್ದ ಹುಡುಗಿಯ ಎದುರು ನಿಂತು ಕೇಳಿದೆ, “ಎಷ್ಟು ತಿಂಗಳ್ರಿ ಇದಕ್ಕ? ಹಲ್ಲು ಬಂದಾವೇನ್ರಿ?”